ಏಣಿ ಮನೆಯಿಂದ ಕಾಣೆಯಾದವರು

ಎರಡು ಸಾವಿರದ ಮುನ್ನೂರ ಹದಿನೇಳು ಜನ ಒಟ್ಟಿಗೆ ಕಾಣೆಯಾಗಿದ್ದಾರೆ ಎಂಬ ಸುದ್ದಿ ಬಂದಾಗ ನಾನು ಒಂದು ಗೋಡೆ ಗಡಿಯಾರದ ಹೊಟ್ಟೆ ಬಿಚ್ಚಿ ಕೂತಿದ್ದೆ. ಭಾನುವಾರ, ಮಧ್ಯಾಹ್ನ ಒಂದು ಗಂಟೆ. ಫೋನ್ ಬಂದದ್ದು ನನಗಲ್ಲ, ನನ್ನ ಹೆಂಡತಿಗೆ.

"ಎಷ್ಟು ಜನ?" ಎಂದಳು.

ಆ ಕಡೆಯಿಂದ ಗೊಣಗಾಟ.

"ಅಷ್ಟೂ ಒಟ್ಟಿಗೇನಾ? ಲಾಗ್ ಇದೆಯಾ? ಸರಿ— ಏನೂ ಮುಟ್ಟಬೇಡ. ಕೈ ಕಟ್ಟಿಕೊಂಡು ಕೂತಿರು. ಬಂದೆ."

ನಾನು ಗಡಿಯಾರ ರಿಪೇರಿಯವನು. ನನ್ನ ಹೆಂಡತಿ ಡೇಟಾಬೇಸ್ ರಿಪೇರಿಯವಳು. ಕಚೇರಿಗಳವರು ರಾಶಿ ರಾಶಿ ಮಾಹಿತಿಯನ್ನು ಒಂದೇ ಏಟಿಗೆ ಯಂತ್ರದೊಳಗೆ ತುಂಬಲು ಹೋಗುತ್ತಾರೆ. ಅದು ಅರ್ಧದಲ್ಲಿ ಮುನಿಸಿಕೊಂಡು ನಿಲ್ಲುತ್ತದೆ. ಆಗ ಇವಳ ನೆನಪಾಗುತ್ತದೆ. ಅವಳ ಕಚೇರಿಯಲ್ಲಿ ಅವಳಿಗೆ ‘ಜರಡಿ’ ಎಂದು ಹೆಸರು. ಯಾವುದನ್ನೂ ಸೋಸದೆ ಬಿಡುವವಳಲ್ಲ. ಮನೆಯಲ್ಲೂ ಅದೇ ಬುದ್ಧಿ. ಗ್ಯಾಸ್ ಆರಿಸಿದ್ದೇನೆ ಎಂದು ನಾನು ಹೇಳಿದರೆ "ಹೌದಾ" ಎನ್ನುತ್ತಾಳೆ, ಆಮೇಲೆ ಎದ್ದು ಹೋಗಿ ನೋಡಿ ಬರುತ್ತಾಳೆ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ನನ್ನ ಒಂದೇ ಒಂದು ಮಾತನ್ನೂ ಪರೀಕ್ಷಿಸದೆ ಒಪ್ಪಿದ್ದಿಲ್ಲ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಈಗ ಅವಳು ನೋಡಿ ಬರದಿದ್ದರೆ ನನಗೇ ನಿದ್ದೆ ಬರುವುದಿಲ್ಲ.

"ರೀ, ಸ್ಕೂಟರ್ ತೆಗೀರಿ. ಏಣಿ ಮನೆಗೆ ಹೋಗಬೇಕು. ಬೀಗ ಹಾಕಿದ್ರಾ?"

"ಹಾಕಿದೀನಿ."

ಕೆಳಗಿಳಿದವಳು ಮತ್ತೆ ಮೆಟ್ಟಿಲು ಹತ್ತಿ ಹೋಗಿ ಬೀಗ ಜಗ್ಗಿ ನೋಡಿ ಬಂದಳು.

ಏಣಿ ಮನೆ ಎಂದರೆ ಪುಸ್ತಕದ ಬದಲು ಹತ್ಯಾರು ಎರವಲು ಕೊಡುವ ಲೈಬ್ರರಿ. ಉದ್ದನೆಯ ಒಂದೇ ಕೋಣೆ. ಗೋಡೆಯ ತುಂಬ ಏಣಿಗಳು, ಗರಗಸಗಳು, ಡ್ರಿಲ್ಲಿಂಗ್ ಮೆಷಿನ್‌ಗಳು. ಕಿಟಕಿಯ ಕೆಳಗೆ ಸಾಲಾಗಿ ಹೊಲಿಗೆ ಯಂತ್ರಗಳು. ಎಲ್ಲೆಲ್ಲೂ ಮೆಷಿನ್ ಎಣ್ಣೆಯ ವಾಸನೆ. ಯಾರು ಬೇಕಾದರೂ ಬಂದು, ಬೇಕಾದ್ದು ಒಯ್ದು, ಕೆಲಸ ಮುಗಿದ ಮೇಲೆ ತಂದಿಡಬಹುದು. ಷರತ್ತು ಒಂದೇ: ಆಗಲೇ ಸದಸ್ಯರಾಗಿರುವ ಒಬ್ಬರು ‘ಇವರು ವಾಪಸ್ ತರುತ್ತಾರೆ, ನಾನು ಬಲ್ಲೆ’ ಎಂದು ಪರಿಚಯಿಸಬೇಕು. ಪ್ರತಿ ಸದಸ್ಯನ ಕಾರ್ಡಿನಲ್ಲೂ ಪರಿಚಯಿಸಿದವರ ನಂಬರು, ಅದರ ಕೆಳಗೆ ಅವರ ಕೈಬರಹದಲ್ಲೇ ಒಂದು ಸಾಲು ಭರವಸೆ.

ಬಾಗಿಲಲ್ಲೇ ನಮಗೆ ಇಬ್ಬರು ಮುದುಕರು ಸಿಕ್ಕರು. ಇಬ್ಬರೂ ನಮ್ಮನ್ನು ಎದುರುಗೊಳ್ಳಲು ಹೊರಗೆ ಬರುವವರು, ಆದರೆ ಬರುತ್ತಿಲ್ಲ.

"ನೀನು ನಡಿ."

"ನೀವು ನಡೀರಿ, ನಿಮ್ಮ ಮೊಣಕಾಲು ನೋವು."

"ನನ್ನ ಮೊಣಕಾಲಿಗೂ ನೀನು ಮುಂದೆ ಹೋಗೋದಕ್ಕೂ ಏನು ಸಂಬಂಧ?"

ಕೊನೆಗೆ ನಾವೇ ಒಳಗೆ ಹೋದೆವು. ಅಜ್ಜ ನಲವತ್ತೊಂದು ವರ್ಷದಿಂದ ಕಾರ್ಡುಗಳನ್ನು ನೋಡಿಕೊಂಡವರು; ಊರಿಗೆಲ್ಲ ‘ಕಾರ್ಡಜ್ಜ’. ಅಜ್ಜಿ ಅಷ್ಟೇ ವರ್ಷದಿಂದ ಹತ್ಯಾರುಗಳ ರಿಪೇರಿ ಮಾಡಿದವರು. ಅಜ್ಜಿಯ ಬೆರಳ ತುದಿಯಲ್ಲಿ ಕರಿ ಗ್ರೀಸ್, ಅಜ್ಜನ ಬೆರಳ ತುದಿಯಲ್ಲಿ ನೀಲಿ ಶಾಯಿ.

ಕೋಣೆಯ ನಡುವಿನ ಮೇಜಿನ ಹತ್ತಿರ ಇನ್ನಿಬ್ಬರು. ಒಬ್ಬ ನನ್ನ ಹೆಂಡತಿಯ ಹಳೆಯ ಸಹೋದ್ಯೋಗಿ, ಈಗ ಸ್ವಂತ ಕೆಲಸ ಮಾಡುವ ಇಂಜಿನಿಯರ್; ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಇನ್ನೊಬ್ಬರು ನಗರಸಭೆಯ ಪರಿಶೀಲನಾಧಿಕಾರಿ. ಬೆನ್ನು ನೆಟ್ಟಗೆ ಮಾಡಿಕೊಂಡು, ಫೈಲಿನ ಮೇಲೆ ಪೆನ್ನು ಅಡ್ಡ ಇಟ್ಟುಕೊಂಡು ಕೂತಿದ್ದರು.

"ಸರಿಯಾಗಿ ನಾಲ್ಕು ಗಂಟೆಗೆ ನಾನು ಸಹಿ ಹಾಕಬೇಕು" ಎಂದರು ಅಧಿಕಾರಿ. "ಈ ಕಟ್ಟಡ ನಗರಸಭೆಯದು. ಐದು ಸಾವಿರ ಸದಸ್ಯರಿದ್ದರೆ ಮಾತ್ರ ಏಣಿ ಮನೆಗೆ. ಇಲ್ಲದಿದ್ದರೆ ನಮ್ಮ ಲಾರಿ ನಿಲ್ಲಿಸೋ ಶೆಡ್ಡಿಗೆ. ಎಣಿಕೆ ಹೊಸ ಯಂತ್ರದ ಪ್ರಕಾರವೇ ಆಗಬೇಕು ಅಂತ ನಿಯಮ."

"ಯಂತ್ರ ಎಷ್ಟು ಅಂತಿದೆ?"

"ನಾಲ್ಕು ಸಾವಿರದ ಐನೂರ ಇಪ್ಪತ್ತೈದು."

"ಕಾರ್ಡು ಎಷ್ಟಿವೆ?"

"ಆರು ಸಾವಿರದ ಎಂಟುನೂರ ನಲವತ್ತೆರಡು" ಎಂದರು ಕಾರ್ಡಜ್ಜ. ಅಂಕಿ ನೋಡಿಕೊಳ್ಳಲೂ ಇಲ್ಲ, ಬಾಯಲ್ಲೇ ಇತ್ತು.

"ಅದೇ ನೋಡಿ ಸಮಸ್ಯೆ" ಎಂದರು ಅಧಿಕಾರಿ. "ಎರಡು ಸಾವಿರ ಚಿಲ್ಲರೆ ಜನರ ಬಗ್ಗೆ ಯಂತ್ರ ಒಂದೇ ಮಾತು ಹೇಳ್ತಿದೆ— ‘ಪರಿಚಯಿಸಿದವರು ಇಲ್ಲ’. ಪರಿಚಯಿಸಿದವರೇ ಇಲ್ಲ ಅಂದ್ರೆ ಏನರ್ಥ? ಸದಸ್ಯರೂ ಇಲ್ಲ. ಹೆಸರು ಬರೆದು ಡ್ರಾಯರ್ ತುಂಬಿಸಿದ್ದಾರೆ. ನನ್ನ ವರದಿಯಲ್ಲಿ ನಾನು ‘ಸುಳ್ಳು ನೋಂದಣಿ’ ಅಂತಲೇ ಬರೆಯಬೇಕಾಗುತ್ತೆ."

ಕಾರ್ಡಜ್ಜ ಶಾಯಿಯ ಬೆರಳುಗಳನ್ನು ಮಡಚಿಕೊಂಡರು, ಅಷ್ಟೇ. ಕಟ್ಟಡ ಹೋದರೆ ಇನ್ನೊಂದು ಸಿಗಬಹುದೇನೋ. ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಸುಳ್ಳ ಎಂದು ಬರೆಸಿಕೊಂಡವನು ಎಲ್ಲಿ ಹೋಗಿ ಮುಖ ತೋರಿಸಬೇಕು?

ಜರಡಿ ಕುರ್ಚಿ ಎಳೆದುಕೊಂಡಳು.

"ಮೊದಲು ನೀನು ಹೇಳು" ಎಂದಳು ಇಂಜಿನಿಯರಿಗೆ. "ಸದಸ್ಯರ ಪಟ್ಟಿ ಇರೋ ಟೇಬಲ್ಲಿಗೆ ಏನು ನಿಯಮ ಹಾಕಿದ್ದೀಯ?"

"ಅವರ ಷರತ್ತೇ ಮೇಡಂ. ಪರಿಚಯಿಸಿದವರ ನಂಬರ್ ಆಗಲೇ ಟೇಬಲ್ಲಿನಲ್ಲಿದ್ದರೆ ಮಾತ್ರ ಹೊಸ ಸಾಲು ಒಳಗೆ. ಇಲ್ಲದಿದ್ದರೆ ಹೊರಗೆ."

"ಯಾರೂ ಪರಿಚಯಿಸದೆ ಬಂದವರು?"

"ಹಾಗೂ ಇದ್ದಾರೆ. ಹಿಂದೆ ಮಿಲ್ಲು ಮುಚ್ಚಿದಾಗ ಅದರ ಹತ್ಯಾರು ಎಲ್ಲ ಇಲ್ಲಿಗೆ ಬಂತಂತೆ. ಜೊತೆಗೆ ಅರವತ್ತೊಂದು ಜನ ಕೆಲಸಗಾರರು. ಅವರನ್ನ ಹಾಗೇ ಸೇರಿಸಿಕೊಂಡರು. ಅವರ ಸಾಲಲ್ಲಿ ಆ ಜಾಗ ಖಾಲಿ. ಖಾಲಿ ಇದ್ದರೆ ಯಂತ್ರ ತಕರಾರು ಮಾಡಲ್ಲ."

ನಾನು ತಲೆಬುಡ ಅರ್ಥವಾಗದ ಮುಖ ಮಾಡಿಕೊಂಡಿದ್ದೆ ಎಂದು ಕಾಣುತ್ತದೆ. ಅವಳು ನನ್ನ ಕಡೆ ತಿರುಗಿದಳು. "ಬಾಗಿಲಲ್ಲಿ ಒಬ್ಬ ಕಾವಲುಗಾರ ನಿಂತಿದ್ದಾನೆ ಅಂದ್ಕೊಳ್ಳಿ. ಬಂದವರನ್ನೆಲ್ಲ ಒಂದೇ ಪ್ರಶ್ನೆ ಕೇಳ್ತಾನೆ— ನಿನ್ನನ್ನ ಕರೆತಂದವರು ಒಳಗಿದ್ದಾರಾ? ಇದ್ದಾರೆ ಅಂದ್ರೆ ಬಾ. ಇಲ್ಲ ಅಂದ್ರೆ ಹೊರಗೆ ನಿಲ್ಲು. ಕರೆತಂದವರೇ ಇಲ್ಲ, ನಾನೇ ಮೊದಲಿಗ ಅಂದ್ರೆ ಅವನನ್ನೂ ಬಾ ಅಂತಾನೆ."

"ಹಾಗಾದ್ರೆ ಹಳಬರನ್ನ ಮೊದಲು ಕಳಿಸಿದರಾಯ್ತಲ್ಲ?"

"ನಾನೂ ಹಾಗೇ ಮಾಡಿದೆ ಸಾರ್" ಎಂದ ಇಂಜಿನಿಯರ್. "ಚಿಕ್ಕ ನಂಬರ್ ಮೊದಲು, ದೊಡ್ಡದು ಆಮೇಲೆ. ಏನೂ ಪ್ರಯೋಜನ ಆಗಲಿಲ್ಲ."

ಅಜ್ಜಿ ನಕ್ಕರು. ಮೂಲೆಯಲ್ಲಿದ್ದ ತಗಡಿನ ಡಬ್ಬದೊಳಗೆ ಕೈ ಹಾಕಿ ಒಂದು ಹಿಡಿ ಹಿತ್ತಾಳೆ ಬಿಲ್ಲೆ ತೆಗೆದು ತೋರಿಸಿದರು. ಒಂದೊಂದರ ಮೇಲೆ ಒಂದೊಂದು ನಂಬರು.

"ರೈಲು ನಿಲ್ದಾಣದಲ್ಲಿ ಪ್ರಯಾಣಿಕರ ಸಾಮಾನು ಇಟ್ಟುಕೊಳ್ಳೋ ಕೋಣೆ ಮುಚ್ಚಿದಾಗ ಮೂಟೆಗಟ್ಟಲೆ ಸಿಕ್ತು, ತಂದ್ವಿ. ಸೇರುವವರು ಡಬ್ಬಕ್ಕೆ ಕೈ ಹಾಕ್ತಾರೆ. ಯಾವ ಬಿಲ್ಲೆ ಸಿಗುತ್ತೋ ಅದೇ ಅವರ ನಂಬರು. ಮೊನ್ನೆ ಸೇರಿದವರೊಬ್ಬರಿಗೆ ಹನ್ನೆರಡು ಸಿಕ್ಕಿತು. ಪಾಪ, ಎಷ್ಟು ಖುಷಿಪಟ್ಟರು!"

ಇಂಜಿನಿಯರ್ ಮತ್ತೊಮ್ಮೆ ತಲೆಯ ಮೇಲೆ ಕೈ ಇಟ್ಟುಕೊಂಡ. ನಂಬರು ನೋಡಿ ಯಾರು ಹಳಬ ಯಾರು ಹೊಸಬ ಎಂದು ಹೇಳುವ ದಾರಿಯೇ ಇಲ್ಲಿ ಇರಲಿಲ್ಲ.

"ಆಮೇಲೆ?" ಎಂದಳು ಜರಡಿ.

"ಸುತ್ತು ಸುತ್ತಾಗಿ ಬಿಟ್ಟೆ ಮೇಡಂ. ಒಂದು ಸುತ್ತಿನಲ್ಲಿ ಹೊರಗೆ ಉಳಿದವರನ್ನ ಮತ್ತೆ ಸಾಲಲ್ಲಿ ನಿಲ್ಲಿಸೋದು. ಅಷ್ಟೊತ್ತಿಗೆ ಅವರನ್ನ ಪರಿಚಯಿಸಿದವರು ಒಳಗೆ ಹೋಗಿರ್ತಾರಲ್ಲ."

"ಜಾಣ. ಲಾಗ್ ತೋರಿಸು."

ಪ್ರತಿ ಸುತ್ತಿಗೂ ಯಂತ್ರ ತಾನೇ ಬರೆದಿಟ್ಟ ಅಂಕಿಗಳು ಪರದೆಯ ಮೇಲೆ ಬಂದವು. ಮೊದಲ ಸುತ್ತು: ಅರವತ್ತೊಂದು ಜನ ಒಳಗೆ. ಎರಡನೆಯದು: ಒಂಬೈನೂರ ನಲವತ್ತು. ಮೂರು: ಎರಡು ಸಾವಿರದ ನೂರ ಎಂಟು. ನಾಲ್ಕು: ಸಾವಿರದ ನೂರ ಮೂವತ್ತು. ಐದು: ಇನ್ನೂರ ಎಂಬತ್ತಾರು. ಆರನೆಯ ಸುತ್ತು: ಸೊನ್ನೆ. ಏಳು: ಸೊನ್ನೆ.

ಅವಳು ಆ ಅಂಕಿಗಳನ್ನೇ ದಿಟ್ಟಿಸಿ ನೋಡಿದಳು. ಆ ನೋಟ ನನಗೆ ಗೊತ್ತು. ಮನೆಯಲ್ಲಿ ಗ್ಯಾಸಿನ ಹತ್ತಿರ ಹೋಗುವಾಗ ಇರುವ ನೋಟ.

"ಟೈಪ್ ಮಾಡಿದವರು ಯಾರು?"

"ನಾನು" ಎಂದರು ಅಜ್ಜಿ. "ಎಂಟು ತಿಂಗಳು ಹಿಡೀತು. ಕೂತು ಕೂತು ಕುರ್ಚಿಯೇ ಸವೆದು ಹೋಯ್ತು. ತಪ್ಪಾಗಿದ್ದರೆ ನನ್ನದೇ ಆಗಿರಬೇಕಮ್ಮ. ಅವರನ್ನ ಏನೂ ಅನ್ನಬೇಡಿ."

"ಇಲ್ಲಮ್ಮ" ಎಂದು ಕಾರ್ಡಜ್ಜ ಎದ್ದು ನಿಂತರು. "ಅವಳು ಕಾರ್ಡಿನಲ್ಲಿ ಇದ್ದದ್ದನ್ನ ಇದ್ದ ಹಾಗೇ ಹೊಡೆದಿದ್ದಾಳೆ. ಕಾರ್ಡೇ ತಪ್ಪಿರಬೇಕು. ಕಾರ್ಡು ನನ್ನದು."

"ನಿಮ್ಮ ಕಾರ್ಡು ಯಾವತ್ತು ತಪ್ಪಿದೆ? ಸುಮ್ಮನಿರಿ."

"ನಿನ್ನ ಕೈ ಯಾವತ್ತು ತಪ್ಪಿದೆ? ನೀನು ಸುಮ್ಮನಿರು."

"ನಾನು ಸೇವೆಗೆ ಸೇರಿ ಇಪ್ಪತ್ತು ವರ್ಷ ಆಯ್ತು" ಎಂದರು ಅಧಿಕಾರಿ ಬೇಸರದಿಂದ, "ತಪ್ಪು ನನ್ನದು ಅಂತ ಇಬ್ಬರು ಜಗಳ ಆಡೋದು ಇದೇ ಮೊದಲು ನೋಡ್ತಿರೋದು."

ಜರಡಿಯ ಕಣ್ಣು ಒಂದು ಕ್ಷಣ ಮುದುಕರ ಮೇಲೆ ನಿಂತಿತು. ಅಜ್ಜಿ ಎಲ್ಲರಿಗೂ ಚಹಾ ತಂದರು. ಕೊನೆಯಲ್ಲಿ ಉಳಿದದ್ದು ಎರಡು ಲೋಟ, ಒಂದು ತುಂಬಿದ್ದು, ಒಂದು ಮುಕ್ಕಾಲು. ತುಂಬಿದ್ದನ್ನು ಅಜ್ಜಿ ಅಜ್ಜನ ಕಡೆ ಸರಿಸಿದರು. ಅಜ್ಜ ಅದನ್ನು ಅಜ್ಜಿಯ ಕಡೆ ಸರಿಸಿದರು. ಲೋಟ ಮೇಜಿನ ಮೇಲೆ ಹೀಗೆ ಐದಾರು ಸಲ ಓಡಾಡಿತು.

ಕೈ ಸುಮ್ಮನಿರಲಾರದೆ ನಾನು ಗೋಡೆಯ ಮೇಲೆ ನಿಂತುಹೋಗಿದ್ದ ಗಡಿಯಾರವನ್ನು ಇಳಿಸಿದೆ. "ಅಜ್ಜೀ, ಒಂದು ಚಿಕ್ಕ ಸ್ಕ್ರೂಡ್ರೈವರ್ ಕೊಡ್ತೀರಾ? ಇದನ್ನ ಸರಿ ಮಾಡಿಬಿಡ್ತೀನಿ."

"ಸದಸ್ಯರಾ?"

"ಅಲ್ಲ."

"ಹಾಗಾದ್ರೆ ಕೊಡೋ ಹಾಗಿಲ್ಲಪ್ಪ" ಎಂದರು ಅಜ್ಜಿ, ಬಹಳ ಪ್ರೀತಿಯಿಂದ. ಅವರದೇ ಗಡಿಯಾರ, ಅವರದೇ ಸ್ಕ್ರೂಡ್ರೈವರ್, ಬಿಟ್ಟಿ ಕೆಲಸ! ನಾನು ಬಾಯಿ ಮುಚ್ಚಿಕೊಂಡು ಗಡಿಯಾರವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ.

ಎರಡೂವರೆಯ ಹೊತ್ತಿಗೆ ಒಬ್ಬ ಪ್ಲಂಬರ್ ಬಂದ. ಪೈಪ್ ಹಿಡಿಯುವ ದೊಡ್ಡ ಸ್ಪ್ಯಾನರ್ ವಾಪಸ್ ಕೊಡಲು ಬಂದವನು. ಬಿಲ್ಲೆ ತೋರಿಸಿದ— ಐದು ಸಾವಿರದ ಇನ್ನೂರ ಎಪ್ಪತ್ತು.

ಜರಡಿ ಪರದೆಯ ಮೇಲೆ ಬೆರಳಾಡಿಸಿದಳು. "ಸಾರ್, ಈ ನಂಬರ್ ನಿಮ್ಮ ಇಲ್ಲದವರ ಪಟ್ಟಿಯಲ್ಲಿದೆ."

ಅಧಿಕಾರಿ ಪ್ಲಂಬರನನ್ನು ಮೇಲಿನಿಂದ ಕೆಳಗೆ ನೋಡಿದರು. ಪ್ಲಂಬರ್ ತನ್ನನ್ನು ತಾನೇ ಒಮ್ಮೆ ನೋಡಿಕೊಂಡ.

"ಒಬ್ಬ ಇದ್ದಾನೆ ಅಂದ್ರೆ ಎಲ್ಲರೂ ಇದ್ದಾರೆ ಅಂತಲ್ಲ" ಎಂದರು ಅಧಿಕಾರಿ. ಆದರೆ ದನಿ ಸ್ವಲ್ಪ ಇಳಿದಿತ್ತು.

"ನಿಮ್ಮನ್ನ ಇಲ್ಲಿಗೆ ಕರೆತಂದವರು ಯಾರು?" ಎಂದು ಜರಡಿ ಪ್ಲಂಬರನನ್ನು ಕೇಳಿದಳು.

"ನಮ್ಮ ಬೀದಿ ಹೊಲಿಗೆ ಅಕ್ಕ."

"ರೀ, ಗಡಿಯಾರ ಕೆಳಗಿಡಿ. ಡ್ರಾಯರ್ ತೆಗೀರಿ. ನಾನು ನಂಬರ್ ಹೇಳ್ತೀನಿ, ನೀವು ಕಾರ್ಡ್ ಹುಡುಕಿ."

ಬೀರುವಿಗೆ ನಲವತ್ತು ಡ್ರಾಯರು. ನಾನು ಓಡಾಡಿದೆ. ಪ್ಲಂಬರನನ್ನು ತಂದವಳು ಹೊಲಿಗೆಯಾಕೆ, ಸಾವಿರದ ಎಂಟುನೂರ ತೊಂಬತ್ಮೂರು. ಅವಳನ್ನು ತಂದವನು ಒಬ್ಬ ಶಾಲಾ ಬಸ್ ಚಾಲಕ, ಏಳುನೂರ ಎರಡು. ಅವನನ್ನು ತಂದವರು ಕನ್ನಡಕದ ಅಂಗಡಿಯವರು, ನಾಲ್ಕು ಸಾವಿರದ ನಾನೂರ ಹನ್ನೊಂದು. ಅವರನ್ನು ತಂದವರು—

"ನಾನೂರ ಎಂಟು" ಎಂದು ಓದಿದೆ.

"ಅದು ನಾನು" ಎಂದರು ಕಾರ್ಡಜ್ಜ.

"ಇನ್ನೊಂದು ಹಿಡಿಯೋಣ" ಎಂದಳು. ಕಾಣೆಯಾದವರ ಪಟ್ಟಿಯಿಂದ ಇನ್ನೊಂದು ನಂಬರು. ಬಡಗಿ, ಅವನಿಗಿಂತ ಮುಂಚೆ ಅವನ ಭಾವ, ಅದಕ್ಕೂ ಮುಂಚೆ ಒಬ್ಬ ನರ್ಸ್— ಕೊನೆಗೆ ನಾನೂರ ಎಂಟು. ಮೂರನೆಯದು: ನಾನೂರ ಎಂಟು. ಐದು ಸಲ ಹತ್ತಿ ನೋಡಿದೆವು. ಎರಡು ಸಲ ಅಜ್ಜಿಯ ಬಿಲ್ಲೆ, ಮೂರು ಸಾವಿರದ ನೂರ ಹದಿನಾರು; ಮೂರು ಸಲ ಅಜ್ಜನದು.

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು.

"ನೀವೇ ಸಾಕ್ಷಿ ಮೇಡಂ! ಒಳಗೆ ಹೋದವರೆಲ್ಲ ಮಿಲ್ಲಿನ ಕಡೆಯವರು. ಹೊರಗೆ ಉಳಿದವರೆಲ್ಲ ಈ ಇಬ್ಬರ ಕಡೆಯಿಂದ ಬಂದವರು. ಒಬ್ಬರೂ ತಪ್ಪಿಲ್ಲ. ಇನ್ನೇನು ಬೇಕು?"

ಪ್ಲಂಬರ್ ಹೋಗಬೇಕಾದವನು ಹೋಗದೆ ಅಲ್ಲೇ ನಿಂತ. ಕಾರ್ಡಜ್ಜ ನಿಧಾನವಾಗಿ ಕೂತರು. ಅಜ್ಜಿ ಗ್ರೀಸಿನ ಕೈಯನ್ನು ಅವರ ಭುಜದ ಮೇಲೆ ಇಟ್ಟರು. ಬಿಳಿ ಅಂಗಿಯ ಮೇಲೆ ಕರಿ ಗುರುತು ಮೂಡಿತು. ಇಬ್ಬರಿಗೂ ಅದರ ಪರಿವೆ ಇರಲಿಲ್ಲ. ನನ್ನ ಮೇಲೆಯೇ ನನಗೆ ಕೋಪ ಬಂತು. ಆ ಕಾರ್ಡುಗಳನ್ನು ಹುಡುಕಿ ಕೊಟ್ಟವನು ನಾನೇ ತಾನೆ?

"ಇನ್ನೊಂದು ಪ್ರಶ್ನೆ ಬಾಕಿ ಇದೆ ಸಾರ್" ಎಂದಳು ಜರಡಿ.

"ಏನು?"

"ನಾವೆಲ್ಲ ನಾನೂರ ಎಂಟಕ್ಕೆ ಬಂದು ನಿಂತುಬಿಟ್ಟೆವು. ಯಾಕೆ ನಿಂತೆವು?"

"ಯಾಕೆ ಅಂದ್ರೆ? ಏಣಿ ಮನೆ ಶುರು ಮಾಡಿದವರೇ ಅವರು. ಅವರೇ ಮೊದಲಿಗರು."

"ಹೌದಾ?" ಎಂದಳು ಅವಳು. ಆ ‘ಹೌದಾ’ ಕೇಳಿದೊಡನೆ ಅವಳು ಎದ್ದು ಹೋಗಿ ನೋಡುತ್ತಾಳೆ ಎಂದು ನನಗೆ ಖಾತ್ರಿಯಾಯಿತು. "ಮೊದಲಿಗರಾದರೆ ಅವರನ್ನ ಕರೆತಂದವರು ಇರಬಾರದು. ಆ ಜಾಗ ಖಾಲಿ ಇರಬೇಕು. ಖಾಲಿ ಇದ್ದಿದ್ದರೆ ಮಿಲ್ಲಿನ ಅರವತ್ತೊಂದು ಜನರ ಜೊತೆ ಮೊದಲ ಸುತ್ತಿನಲ್ಲೇ ಒಳಗೆ ಹೋಗಬೇಕಿತ್ತು. ಹೋಗಿಲ್ಲ. ಏಳು ಸುತ್ತು ಆದರೂ ಕಾರ್ಡಜ್ಜ ಹೊರಗೇ ನಿಂತಿದ್ದಾರೆ!"

ಇಂಜಿನಿಯರ್ ನೆಟ್ಟಗೆ ಕೂತ.

"ಹೊರಗೆ ಉಳಿದ ಅಷ್ಟೂ ಸಾಲು ಹುಡುಕು" ಎಂದಳು ಅವನಿಗೆ. "ಪರಿಚಯಿಸಿದವರ ಜಾಗ ಖಾಲಿ ಇರೋರು ಎಷ್ಟು ಜನ?"

ಅವನ ಬೆರಳು ಓಡಿತು. "ಸೊನ್ನೆ, ಮೇಡಂ."

"ನೋಡಿದ್ರಾ? ಎರಡು ಸಾವಿರದ ಮುನ್ನೂರ ಹದಿನೇಳು ಜನ ಇದ್ದಾರೆ, ಅದರಲ್ಲಿ ಮೊದಲು ಬಂದವರು ಅಂತ ಒಬ್ಬರೂ ಇಲ್ಲ. ಇದು ಹೇಗೆ ಸಾಧ್ಯ?"

"ಮೊದಲಿನವರ ಕಾರ್ಡು ಕಳೆದಿದೆ" ಎಂದರು ಅಧಿಕಾರಿ.

"ಕಾರ್ಡಿನ ಎಣಿಕೆಯೂ ಅಜ್ಜಿ ಟೈಪ್ ಮಾಡಿದ ಫೈಲಿನ ಎಣಿಕೆಯೂ ಒಂದೇ ಇದೆ. ಏನೂ ಕಳೆದಿಲ್ಲ. ರೀ, ನಾನೂರ ಎಂಟರ ಕಾರ್ಡ್ ತೆಗೀರಿ."

ತೆಗೆದೆ. ಹಳದಿ ಬಣ್ಣಕ್ಕೆ ತಿರುಗಿ, ಅಂಚು ಮೆತ್ತಗಾಗಿದ್ದ ಕಾರ್ಡು. "ಪರಿಚಯಿಸಿದವರು— ಮೂರು ಸಾವಿರದ ನೂರ ಹದಿನಾರು" ಎಂದು ಓದಿದೆ.

"ಅದನ್ನೂ ತೆಗೀರಿ."

"ಮೂರು ಸಾವಿರದ ನೂರ ಹದಿನಾರು. ಪರಿಚಯಿಸಿದವರು—" ನನ್ನ ಮಾತು ನಿಂತಿತು. "ನಾನೂರ ಎಂಟು."

ಅಜ್ಜ ಅಜ್ಜಿಯನ್ನು ನೋಡಿದರು. ಅಜ್ಜಿ ಹೊಲಿಗೆ ಯಂತ್ರವೊಂದರ ಚಕ್ರವನ್ನು ಸುಮ್ಮನೆ ತಿರುಗಿಸತೊಡಗಿದರು.

"ಅಪರಾಧಿಗಳು ಸಿಕ್ಕರು" ಎಂದಳು ಜರಡಿ. "ಒಬ್ಬರಲ್ಲ, ಇಬ್ಬರು. ಅವರಿಬ್ಬರೂ ಈಗಲೂ ಬಾಗಿಲ ಹೊರಗೆ ನಿಂತಿದ್ದಾರೆ ಸಾರ್. ಕಾವಲುಗಾರ ಅಜ್ಜನನ್ನ ಕೇಳ್ತಾನೆ, ನಿಮ್ಮನ್ನ ಕರೆತಂದವರು ಒಳಗಿದ್ದಾರಾ? ಇಲ್ಲ, ಅವಳು ಹೊರಗಿದ್ದಾಳೆ. ಅಜ್ಜಿಯನ್ನ ಕೇಳ್ತಾನೆ. ಇಲ್ಲ, ಅವರು ಹೊರಗಿದ್ದಾರೆ. ಇವರು ಹೋಗದೆ ಅವರು ಹೋಗೋ ಹಾಗಿಲ್ಲ, ಅವರು ಹೋಗದೆ ಇವರು ಹೋಗೋ ಹಾಗಿಲ್ಲ. ಇವರ ಹಿಂದೆ ಎರಡು ಸಾವಿರದ ಮುನ್ನೂರ ಹದಿನೈದು ಜನ ಸಾಲುಗಟ್ಟಿ ನಿಂತಿದ್ದಾರೆ. ಏಳು ಸುತ್ತಲ್ಲ, ಎಪ್ಪತ್ತು ಸುತ್ತು ಬಿಟ್ಟರೂ ಅಷ್ಟೇ. ಟೈಪಿಂಗ್ ಸರಿ, ಕಾರ್ಡೂ ಸರಿ, ಫೈಲೂ ಸರಿ. ತಪ್ಪು ಒಂದೇ— ಇಬ್ಬರಲ್ಲಿ ಒಬ್ಬರೂ ಮೊದಲು ಹೋಗಲು ಒಪ್ಪಲಿಲ್ಲ."

"ನಿನಗೆ ಯಾವಾಗ ಗೊತ್ತಾಯ್ತು?" ಎಂದೆ.

"ಆರನೇ ಸುತ್ತಿನ ಸೊನ್ನೆ ನೋಡಿದಾಗ ಸಂಶಯ ಬಂತು. ಎಲ್ಲೋ ಒಬ್ಬರನ್ನೊಬ್ಬರು ಕಾಯ್ತಾ ನಿಂತಿದ್ದಾರೆ ಅಂತ. ಆದರೆ ಎಲ್ಲಿ ಅಂತ ಗೊತ್ತಾಗಿದ್ದು ಅದನ್ನ ನೋಡಿ." ಅವಳು ಮೇಜಿನ ಕಡೆ ಬೆರಳು ತೋರಿಸಿದಳು. ತುಂಬಿದ ಲೋಟ ಇಬ್ಬರ ಮಧ್ಯೆ ಸರಿಯಾಗಿ ನಡುವಿಗೆ ನಿಂತಿತ್ತು. ಚಹಾ ಆರಿ ಕೆನೆ ಕಟ್ಟಿತ್ತು.

ಅಧಿಕಾರಿ ಕನ್ನಡಕ ತೆಗೆದರು. "ಇದನ್ನ ಯಾಕೆ ಹೀಗೆ ಮಾಡಿದ್ರಿ ಅಜ್ಜಾ?"

"ಆಗಿನ್ನೂ ನಮ್ಮ ಮದುವೆ ಆಗಿರಲಿಲ್ಲ" ಎಂದರು ಕಾರ್ಡಜ್ಜ. "ಇವಳ ಅಪ್ಪನ ಏಣಿ ಒಯ್ದಿದ್ದೆ, ಮೂರು ದಿನಕ್ಕೆ ಅಂತ. ವಾಪಸ್ ಕೊಟ್ಟದ್ದು ಹನ್ನೊಂದು ತಿಂಗಳಿಗೆ. ಇವಳು ಒಂದು ದಿನವೂ ಕೇಳಲಿಲ್ಲ. ಆ ನಾಚಿಕೆಗೇ ಈ ಮನೆ ಶುರುವಾಯ್ತು. ಪರಿಚಯ ಇಲ್ಲದೆ ಯಾರಿಗೂ ಕಾರ್ಡಿಲ್ಲ ಅಂತ ಇವಳೇ ನಿಯಮ ಮಾಡಿದಳು. ನಮಗೂ ಇಲ್ಲವಾ ಅಂತ ಕೇಳಿದೆ. ನಮಗೂ ಇಲ್ಲ ಅಂದಳು."

ನಾನು ಕಾರ್ಡುಗಳ ಕೆಳಗಿದ್ದ ಭರವಸೆಯ ಸಾಲು ಓದಿದೆ. ಅಜ್ಜನ ಕಾರ್ಡಿನ ಮೇಲೆ ಅಜ್ಜಿಯ ಕೈಬರಹ: ‘ತಡವಾದರೂ ತಂದುಕೊಡುತ್ತಾರೆ.’ ಅಜ್ಜಿಯ ಕಾರ್ಡಿನ ಮೇಲೆ ಅಜ್ಜನದು: ‘ಇವರು ಕೊಟ್ಟದ್ದನ್ನು ಕೇಳುವುದಿಲ್ಲ. ಅದಕ್ಕೇ ವಾಪಸ್ ಕೊಡಬೇಕು.’ ಪ್ಲಂಬರ್ ಮೂಗು ಒರೆಸಿಕೊಂಡ.

ಮೂರೂ ಇಪ್ಪತ್ತು.

"ಸುಲಭ ಮೇಡಂ!" ಎಂದ ಇಂಜಿನಿಯರ್. "ಒಂದು ಸಾಲಿನಲ್ಲಿ ಆ ಜಾಗ ಖಾಲಿ ಮಾಡಿಬಿಡೋಣ. ಯಾರನ್ನ ಮೊದಲಿಗರು ಅಂತ ಮಾಡಲಿ?"

"ಅವಳನ್ನ" ಎಂದರು ಅಜ್ಜ. "ಏಣಿ ಅವಳದು."

"ಅವರನ್ನ" ಎಂದರು ಅಜ್ಜಿ. "ಮನೆ ಕಟ್ಟಿದವರು ಅವರು."

"ನನ್ನ ಕಾರ್ಡಿನಿಂದ ಇವಳ ನಂಬರ್ ಅಳಿಸೋಕೆ ನಾನು ಬಿಡಲ್ಲ."

"ನನ್ನದರಿಂದ ಅಳಿಸಿ ನೋಡಲಿ ಯಾರಾದರೂ!"

ಹತ್ತು ನಿಮಿಷ ಇದೇ ನಡೆಯಿತು. ಅಧಿಕಾರಿಯೇ ಮಧ್ಯಸ್ಥಿಕೆಗೆ ಹೋಗಿ, ಇಬ್ಬರಿಂದಲೂ ಬೈಸಿಕೊಂಡು, ವಾಪಸ್ ಬಂದು ಕೂತರು.

"ಅಳಿಸೋದು ಬೇಡ" ಎಂದಳು ಜರಡಿ. "ಅಲ್ಲಿರೋದು ನಿಜ. ನಿಜವನ್ನ ಯಾಕೆ ಅಳಿಸಬೇಕು? ಕಾವಲುಗಾರನಿಗೆ ಬೇರೆ ಮಾತು ಹೇಳೋಣ. ಬಾಗಿಲಲ್ಲಿ ಒಬ್ಬೊಬ್ಬರನ್ನೇ ಕೇಳಬೇಡ. ಎಲ್ಲರನ್ನೂ ಒಳಗೆ ಬಿಡು. ಬಾಗಿಲು ಹಾಕು. ಆಮೇಲೆ, ಮುದ್ರೆ ಒತ್ತುವ ಮೊದಲು, ಒಟ್ಟಿಗೆ ಕೇಳು— ನಿಮ್ಮನ್ನ ಕರೆತಂದವರು ಇಲ್ಲಿದ್ದಾರಾ ಅಂತ."

"ಆಗ ಇಬ್ಬರೂ ಒಳಗೇ ಇರ್ತಾರೆ!" ಎಂದೆ.

"ಹೌದು. ಆದರೆ ಒಂದು ಮಾತು." ಅವಳು ಅಧಿಕಾರಿಯ ಕಡೆ ತಿರುಗಿದಳು. "ಹೀಗೆ ಮಾಡಿದರೆ ಅರ್ಧಂಬರ್ಧ ಅನ್ನೋದಿಲ್ಲ. ಅಷ್ಟೂ ಜನರಲ್ಲಿ ಒಬ್ಬನೇ ಒಬ್ಬನ ಪರಿಚಯ ಸುಳ್ಳಾದರೂ ಅಷ್ಟೂ ಜನ ಹೊರಗೆ. ಅಜ್ಜಾ, ಪರವಾಗಿಲ್ವಾ? ನಲವತ್ತೊಂದು ವರ್ಷದಲ್ಲಿ ಒಂದು ನಂಬರ್ ತಪ್ಪಾಗಿ ಬರೆದಿದ್ದರೂ ಸಾಕು."

ಎರಡು ಸಾವಿರದ ಮುನ್ನೂರ ಹದಿನೇಳು ಕಾರ್ಡು! ನನ್ನ ಅಂಗಡಿಯಲ್ಲಿ ಮೂವತ್ತು ರಸೀದಿಯಲ್ಲಿ ಮೂರು ತಪ್ಪಿರುತ್ತವೆ.

ಕಾರ್ಡಜ್ಜ ಅಜ್ಜಿಯ ಕಡೆ ನೋಡಿದರು. "ಅವಳು ಟೈಪ್ ಮಾಡಿದ್ದಾಳೆ. ಮಾಡಮ್ಮ."

"ಅವರು ಬರೆದಿದ್ದಾರೆ" ಎಂದರು ಅಜ್ಜಿ. "ಮಾಡು."

ನಿಯಮ ಬದಲಿಸಲು ಅವಳಿಗೆ ಹತ್ತು ನಿಮಿಷ ಬೇಕಾಯಿತು. ಇಂಜಿನಿಯರ್ ಬರೆದ, ಅವಳು ಓದಿದಳು, ಮತ್ತೆ ಓದಿದಳು. ಮೂರೂ ನಲವತ್ತೆರಡಕ್ಕೆ ಗುಂಡಿ ಒತ್ತಿದಳು. ಪರದೆಯ ಮೇಲೆ ಎಣಿಕೆ ಏರಿತು— ಐನೂರು, ಸಾವಿರ, ಎರಡು ಸಾವಿರ. ಎರಡು ಸಾವಿರದ ಮುನ್ನೂರ ಹದಿನೇಳು. ಅಲ್ಲಿಗೆ ನಿಂತಿತು. ಈಗ ಪರೀಕ್ಷೆ. ಅಧಿಕಾರಿ ಕುರ್ಚಿಯಿಂದ ಅರ್ಧ ಎದ್ದಿದ್ದರು. ಅಜ್ಜಿಯ ಕೈ ಅಜ್ಜನ ಕೈಯಲ್ಲಿತ್ತು. ಶಾಯಿ ಯಾವುದು, ಗ್ರೀಸ್ ಯಾವುದು ತಿಳಿಯುತ್ತಿರಲಿಲ್ಲ.

"ಒಪ್ಪಿಕೊಂಡಿದೆ" ಎಂದ ಇಂಜಿನಿಯರ್. "ತಿರಸ್ಕಾರ— ಸೊನ್ನೆ. ಒಟ್ಟು ಆರು ಸಾವಿರದ ಎಂಟುನೂರ ನಲವತ್ತೆರಡು."

ಪ್ಲಂಬರ್ ಚಪ್ಪಾಳೆ ತಟ್ಟಿದ. "ಹಾಗಾದ್ರೆ ನಾನು ಇದ್ದೀನಿ!" ಎಂದ. ಅಧಿಕಾರಿ ಒಂದು ಹಾಳೆಯನ್ನು ಫೈಲಿನಿಂದ ತೆಗೆದು ನಾಲ್ಕು ತುಂಡು ಮಾಡಿ ಜೇಬಿಗೆ ಹಾಕಿಕೊಂಡರು. ಇನ್ನೊಂದು ಹಾಳೆಯ ಮೇಲೆ ಅಂಕಿ ಬರೆದು ಸಹಿ ಹಾಕಿದರು. ಆಮೇಲೆ ಕಾರ್ಡಜ್ಜನ ಮುಂದೆ ನಿಂತು, "ನಲವತ್ತೊಂದು ವರ್ಷದಲ್ಲಿ ಒಂದೂ ತಪ್ಪಿಲ್ಲ. ನಾನು ಆಡಿದ ಮಾತು ತಪ್ಪು. ಕ್ಷಮಿಸಬೇಕು" ಎಂದರು. ಕಾರ್ಡಜ್ಜ ಆರಿದ ಚಹಾದ ಲೋಟ ಎತ್ತಿ ಅಧಿಕಾರಿಯ ಕೈಗೆ ಕೊಟ್ಟರು. ಆ ಮನುಷ್ಯ ಕೆನೆ ಸಮೇತ ಅಷ್ಟೂ ಕುಡಿದರು.

ನನ್ನ ತೊಡೆಯ ಮೇಲೆ ಗಡಿಯಾರ ಇನ್ನೂ ಸತ್ತೇ ಇತ್ತು. ಅಜ್ಜಿ ಡಬ್ಬವನ್ನು ನನ್ನ ಮುಂದೆ ಹಿಡಿದರು.

"ಕೈ ಹಾಕಪ್ಪ. ನಿನ್ನ ಪರಿಚಯ ನಾನೇ ಮಾಡ್ತೀನಿ. ಸ್ಕ್ರೂಡ್ರೈವರ್ ಬೇಕಲ್ಲ?"

ಇಪ್ಪತ್ತು ನಿಮಿಷದಲ್ಲಿ ಗಡಿಯಾರ ಟಿಕ್ ಟಿಕ್ ಎಂದಿತು. ಅಷ್ಟರಲ್ಲಿ ನನ್ನ ಹೆಂಡತಿಯೂ ಒಂದು ಬಿಲ್ಲೆ ತೆಗೆದು, ಕಾರ್ಡನ್ನು ನನ್ನ ಮುಂದೆ ಸರಿಸಿದಳು.

"ನನ್ನನ್ನ ನೀವು ಪರಿಚಯಿಸಿ. ಈಗ ನೀವು ಹಳೆ ಸದಸ್ಯರಲ್ವಾ."

ಬಹಳ ಹೊತ್ತು ಯೋಚಿಸಿದೆ. ಕೊನೆಗೆ ಭರವಸೆಯ ಜಾಗದಲ್ಲಿ ಬರೆದೆ: ‘ಎಲ್ಲವನ್ನೂ ಎರಡು ಸಲ ನೋಡುತ್ತಾಳೆ. ಅದರಿಂದಲೇ ನಾನು ನಿಶ್ಚಿಂತೆಯಾಗಿ ನಿದ್ದೆ ಮಾಡುತ್ತೇನೆ.’ ಶಾಯಿ ಆರುವ ತನಕ ಊದಿ, ಅವಳ ಕೈಗೆ ಕೊಟ್ಟೆ.

ಅವಳು ಅದನ್ನು ಮಡಚದೆ, ನೋಡದೆ, ಹಾಗೇ ಅಜ್ಜನಿಗೆ ಕೊಟ್ಟಳು. ಅಜ್ಜ ಡ್ರಾಯರಿಗೆ ಹಾಕಿದರು.

"ಓದಲ್ವಾ?" ಎಂದೆ.

"ನೀವು ಬರೆದಿದ್ದೀರಲ್ಲ" ಎಂದಳು ಬ್ಯಾಗ್ ಹೆಗಲಿಗೇರಿಸಿಕೊಳ್ಳುತ್ತ. "ನಡೀರಿ, ಸ್ಕೂಟರ್ ತೆಗೀರಿ."